ಸಕ್ಕರೆ ಕಾಯಿಲೆಗೆ ಮುಂಚಿನ ಹತ್ತು ವರ್ಷಗಳು

ಹಲಬರ್ಗಾ, ಭಾಲ್ಕಿ, ಔರಾದ್ ಸೀಮೆಯ ಹಳ್ಳಿಗಳಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಂಡು ಬಂದವರನ್ನು ವಿಚಾರಿಸಿದರೆ ಮೂರು ಉತ್ತರಗಳಲ್ಲಿ ಒಂದು ಸಿಗುತ್ತದೆ. ‘ಶುಗರ್ ಅದ’, ‘ಶುಗರ್ ಇಲ್ಲ’, ‘ಬಾರ್ಡರ್‌ದಾಗ ಅದ’. ಮೊದಲಿನವರು ಮಾತ್ರೆ ಹಿಡಿಯುತ್ತಾರೆ, ಎರಡನೆಯವರು ನಿಶ್ಚಿಂತರಾಗುತ್ತಾರೆ. ಮೂರನೆಯವರೂ ಎರಡನೆಯವರಂತೆಯೇ ನಿಶ್ಚಿಂತರಾಗುತ್ತಾರೆ ಎಂಬುದೇ ಈ ಲೇಖನ ಬರೆಯಲು ಕಾರಣ. ಗಡಿ ಜಿಲ್ಲೆಯವರಾದ ನಮಗೆ ಗಡಿಯ ಸ್ವಭಾವ ಗೊತ್ತು. ಮಹಾರಾಷ್ಟ್ರ ಎಲ್ಲಿ ಆರಂಭವಾಯಿತೆಂದು ಹೊಲ ನೋಡಿ ಹೇಳಲಾಗದು. ಮಣ್ಣು ಅದೇ, ತೊಗರಿ ಅದೇ. ಸಕ್ಕರೆ ಕಾಯಿಲೆಯ ಗಡಿಯೂ ಅಂಥದ್ದೇ. ರಕ್ತದಲ್ಲಿ ಸಕ್ಕರೆ ಏರಿತೆಂದು ವರದಿ ಬರುವ ದಿನಕ್ಕಿಂತ ಹತ್ತು ವರ್ಷ, ಕೆಲವರಲ್ಲಿ ಅದಕ್ಕೂ ಹೆಚ್ಚು ಕಾಲ ಮುಂಚೆಯೇ ದೇಹದೊಳಗಿನ ವ್ಯವಹಾರ ಕೆಟ್ಟಿರುತ್ತದೆ. ಆ ಕೆಡುಕಿಗೆ ವೈದ್ಯಶಾಸ್ತ್ರದಲ್ಲಿ ಇನ್ಸುಲಿನ್ ಪ್ರತಿರೋಧವೆಂದು ಹೆಸರು. ಕಾಯಿಲೆಯನ್ನು ಹಿಂದಕ್ಕೆ ತಿರುಗಿಸಲು ಅತ್ಯಂತ ಅನುಕೂಲವಾದ ಕಾಲವೂ ಆ ಹತ್ತು ವರ್ಷಗಳೇ ಆಗಿವೆ.

ನಾವು ಉಂಡ ರೊಟ್ಟಿ, ಅನ್ನ, ಬೆಲ್ಲ ಕರುಳಿನಲ್ಲಿ ಪಚನವಾಗಿ ಗ್ಲೂಕೋಸ್ ರೂಪದಲ್ಲಿ ರಕ್ತವನ್ನು ಸೇರುತ್ತವೆ. ಜಠರದ ಹಿಂದಿರುವ ಮೇದೋಜ್ಜೀರಕ ಗ್ರಂಥಿ ಇದನ್ನು ಅರಿತು ಇನ್ಸುಲಿನ್ ಎಂಬ ರಸವನ್ನು ಬಿಡುತ್ತದೆ. ಊರಿನಲ್ಲಿ ಡಂಗುರ ಸಾರಿದಂತೆ ಈ ಇನ್ಸುಲಿನ್ ದೇಹದ ಓಣಿ ಓಣಿಗೂ ಸುದ್ದಿ ಮುಟ್ಟಿಸುತ್ತದೆ. ಸ್ನಾಯುಗಳಿಗೆ, ಬಂದ ಸಕ್ಕರೆಯನ್ನು ಒಳಗೆ ತೆಗೆದುಕೊಳ್ಳಿರೆಂದು. ಯಕೃತ್ತಿಗೆ, ನೀನು ಸದ್ಯಕ್ಕೆ ಸಕ್ಕರೆ ತಯಾರಿಸುವುದನ್ನು ನಿಲ್ಲಿಸೆಂದು. ಕೊಬ್ಬಿನ ಕೋಶಗಳಿಗೆ, ಕೂಡಿಟ್ಟದ್ದನ್ನು ಹೊರಗೆ ಬಿಡಬೇಡಿರೆಂದು. ಆರೋಗ್ಯವಂತರಲ್ಲಿ ಈ ಕರೆಗೆ ಓಗೊಟ್ಟು ಸಕ್ಕರೆಯ ಬಹುಪಾಲನ್ನು ಬರಮಾಡಿಕೊಳ್ಳುವುದು ಸ್ನಾಯುಗಳೇ. ಪ್ರತಿರೋಧ ಉಂಟಾದಾಗ ಡಂಗುರ ಕೇಳಿದರೂ ಬಾಗಿಲು ತೆರೆಯುವುದಿಲ್ಲ. ಆಗ ಗ್ರಂಥಿ ಸುಮ್ಮನೆ ಕುಳಿತುಕೊಳ್ಳದು. ಎರಡು ಪಾಲು, ಮೂರು ಪಾಲು ಇನ್ಸುಲಿನ್ ಸುರಿದು ಹೇಗಾದರೂ ಸಕ್ಕರೆಯನ್ನು ಒಳಗೆ ತಳ್ಳುತ್ತದೆ. ಆದ್ದರಿಂದ ವರ್ಷಗಟ್ಟಲೆ ಸಕ್ಕರೆಯ ವರದಿ ಸರಿಯಾಗಿಯೇ ಬರುತ್ತದೆ. ಆ ಸರಿಯಾದ ಅಂಕಿಯ ಹಿಂದೆ ಗ್ರಂಥಿ ಎಷ್ಟು ದಣಿಯುತ್ತಿದೆ ಎಂಬುದನ್ನು ಸಕ್ಕರೆಯ ಪರೀಕ್ಷೆ ಹೇಳಲಾರದು. ಗ್ರಂಥಿ ದಣಿದು ಕೈಚೆಲ್ಲಿದ ಮೇಲೆ ಸಕ್ಕರೆ ಏರುತ್ತದೆ. ನಾವು ಅದನ್ನು ‘ಈಗ ಬಂತು’ ಎನ್ನುತ್ತೇವೆ.

ಈ ತಿಳಿವಳಿಕೆ ಬಂದದ್ದು ನಿಧಾನವಾಗಿ. 1921ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ನನ್ನು ಬೇರ್ಪಡಿಸಿದಾಗ, ಸಕ್ಕರೆ ಕಾಯಿಲೆ ಎಂದರೆ ಇನ್ಸುಲಿನ್ನಿನ ಕೊರತೆ ಎಂದೇ ಜಗತ್ತು ಭಾವಿಸಿತು. 1936ರಲ್ಲಿ ಇಂಗ್ಲೆಂಡಿನ ವೈದ್ಯ ಹಿಮ್ಸ್‌ವರ್ತ್, ಕೆಲವು ರೋಗಿಗಳಲ್ಲಿ ಇನ್ಸುಲಿನ್ ಕೊಟ್ಟರೂ ಅದು ಬೇಕಾದಷ್ಟು ಕೆಲಸ ಮಾಡುವುದಿಲ್ಲವೆಂದು ತೋರಿಸಿದರು. 1960ರಲ್ಲಿ ಅಮೆರಿಕದ ರೋಸಲಿನ್ ಯಾಲೋ ಮತ್ತು ಬೆರ್ಸನ್ ರಕ್ತದ ಇನ್ಸುಲಿನ್ನನ್ನು ಅಳೆಯುವ ವಿಧಾನ ಕಂಡುಹಿಡಿದ ಮೇಲೆ, ನಡುವಯಸ್ಸಿನಲ್ಲಿ ಸಕ್ಕರೆ ಬಂದ ಅನೇಕರಲ್ಲಿ ಇನ್ಸುಲಿನ್ ಕಡಿಮೆಯಿಲ್ಲ, ಹೆಚ್ಚಾಗಿಯೇ ಇದೆಯೆಂಬ ಸಂಗತಿ ಹೊರಬಿತ್ತು. 1988ರಲ್ಲಿ ಜೆರಾಲ್ಡ್ ರೀವನ್ ಎಂಬವರು ರಕ್ತದೊತ್ತಡ, ಟ್ರೈಗ್ಲಿಸರೈಡ್ ಏರಿಕೆ, ಒಳ್ಳೆಯ ಕೊಲೆಸ್ಟರಾಲ್ ಇಳಿಕೆ, ಸಕ್ಕರೆಯ ಏರುಪೇರು ಇವೆಲ್ಲ ಒಂದೇ ಬೇರಿನಿಂದ ಹುಟ್ಟಿದ ಕೊಂಬೆಗಳೆಂದು ಪ್ರತಿಪಾದಿಸಿದರು. ಬಿ.ಪಿ.ಗೆ ಒಂದು, ಕೊಲೆಸ್ಟರಾಲ್‌ಗೆ ಒಂದು, ಸಕ್ಕರೆಗೆ ಒಂದು ಮಾತ್ರೆ ನುಂಗುವ ನಮ್ಮ ಹಿರಿಯರ ಕೈಚೀಲದಲ್ಲಿ ಆ ಒಂದೇ ಬೇರಿನ ಮೂರು ಕೊಂಬೆಗಳಿವೆ.

ಪ್ರತಿರೋಧ ಏಕೆ ಉಂಟಾಗುತ್ತದೆ? ಇದನ್ನು ತಿಳಿಯಲು ನಮ್ಮ ಹಿರಿಯರು ಜೋಳ ತುಂಬಿಡುತ್ತಿದ್ದ ಹಗೇವನ್ನು ನೆನೆಯುವುದು ಸಾಕು. ನೆಲದೊಳಗಿನ ಹಗೇವಿನಲ್ಲಿ ಕಾಳು ಸುರಕ್ಷಿತವಾಗಿ ಇರುತ್ತಿತ್ತು. ಹಗೇವು ತುಂಬಿದ ಮೇಲೂ ರಾಶಿ ಬರುತ್ತಲೇ ಇದ್ದರೆ ಚೀಲಗಳನ್ನು ಪಡಸಾಲೆಯಲ್ಲಿ ಇಡಬೇಕು, ಆಮೇಲೆ ಅಡುಗೆಮನೆಯಲ್ಲಿ, ಕೊನೆಗೆ ಮಲಗುವ ಕೋಣೆಯಲ್ಲಿ. ಮನೆಯಲ್ಲಿ ಕಾಲಿಡಲು ಜಾಗವಿಲ್ಲದೆ ಯಾವ ಕೆಲಸವೂ ಸಾಗದು. ದೇಹದಲ್ಲಿ ಚರ್ಮದ ಕೆಳಗಿನ ಕೊಬ್ಬು ಹಗೇವು ಇದ್ದಂತೆ. ಅಲ್ಲಿರುವ ಕೊಬ್ಬಿನಿಂದ ದೊಡ್ಡ ಅಪಾಯವಿಲ್ಲ. ಅದು ತುಂಬಿದ ಮೇಲೆ ಉಳಿದ ಕೊಬ್ಬು ಹೊಟ್ಟೆಯೊಳಗೆ ಕರುಳಿನ ಸುತ್ತ, ಯಕೃತ್ತಿನಲ್ಲಿ, ಸ್ನಾಯುಗಳಲ್ಲಿ ಸೇರಿಕೊಳ್ಳುತ್ತದೆ. ಇನ್ಸುಲಿನ್ನಿನ ಕರೆಗೆ ಆ ಅಂಗಗಳು ಕಿವುಡಾಗುವುದು ಆಗಲೇ.

ಎಲ್ಲರ ಹಗೇವೂ ಒಂದೇ ಅಳತೆಯದಲ್ಲ ಎಂಬುದು ನಮಗೆ ತುಂಬ ಮುಖ್ಯವಾದ ಮಾತು. ‘ನಾನು ದಪ್ಪ ಇಲ್ಲ, ನನಗ್ಯಾಕೆ ಶುಗರ್’ ಎಂಬ ಪ್ರಶ್ನೆ ನಮ್ಮ ಭಾಗದಲ್ಲಿ ಪ್ರತಿದಿನ ಕೇಳಿಬರುತ್ತದೆ. ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕರು ಇದಕ್ಕೆ ತಮ್ಮ ದೇಹದಿಂದಲೇ ಉತ್ತರ ಕೊಟ್ಟರು. 2004ರಲ್ಲಿ ಅವರು ಮತ್ತು ಲಂಡನ್ನಿನ ಪ್ರಾಧ್ಯಾಪಕ ಜಾನ್ ಯುಡ್ಕಿನ್ ಜೊತೆಯಾಗಿ ನಿಂತ ಚಿತ್ರವೊಂದು ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಎತ್ತರಕ್ಕೆ ತಕ್ಕ ತೂಕದ ಲೆಕ್ಕ ಇಬ್ಬರದೂ ಒಂದೇ, 22.3. ಆದರೆ ದೇಹದಲ್ಲಿದ್ದ ಕೊಬ್ಬು ಆಂಗ್ಲರಲ್ಲಿ ಶೇ. 9.1, ನಮ್ಮ ಯಾಜ್ಞಿಕರಲ್ಲಿ ಶೇ. 21.2. ಕೈಕಾಲು ಸಣ್ಣ, ಸ್ನಾಯು ಕಡಿಮೆ, ಹೊಟ್ಟೆಯೊಳಗೆ ಕೊಬ್ಬು ಹೆಚ್ಚು: ಇದು ಭಾರತೀಯ ದೇಹದ ಸಾಮಾನ್ಯ ಲಕ್ಷಣವೆಂದು ಅವರು ತೋರಿಸಿದರು. ಪುಣೆಯ ಸುತ್ತಲಿನ ಹಳ್ಳಿಗಳ ನವಜಾತ ಶಿಶುಗಳನ್ನು ಅಳೆದಾಗಲೂ ಇದೇ ಚಿತ್ರ ಕಂಡಿತು. ಇಂಗ್ಲೆಂಡಿನ ಕೂಸುಗಳಿಗಿಂತ ಅವುಗಳ ತೂಕ ಬಹಳ ಕಡಿಮೆ. ಆದರೆ ಕಡಿಮೆಯಾದದ್ದು ಸ್ನಾಯು ಮತ್ತು ಅಂಗಾಂಗಗಳು, ಕೊಬ್ಬು ಅಷ್ಟಾಗಿ ಕಡಿಮೆಯಾಗಿರಲಿಲ್ಲ.

ನಮ್ಮ ರಾಜ್ಯದಲ್ಲಿಯೇ ಈ ವಿಷಯದಲ್ಲಿ ಜಗತ್ತು ಗಮನಿಸಿದ ಕೆಲಸ ನಡೆದಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ದಾದಿಯರು ದಫ್ತರಗಳಲ್ಲಿ ಬರೆದಿಟ್ಟಿದ್ದರು. ಆರು ದಶಕಗಳ ನಂತರ ಡಾ. ಕ್ಯಾರೊಲಿನ್ ಫಾಲ್ ಮತ್ತು ಸಂಗಡಿಗರು ಆ ದಫ್ತರ ಹಿಡಿದು, ಅಲ್ಲಿ ಹುಟ್ಟಿ ಮೈಸೂರಿನಲ್ಲೇ ನೆಲೆಸಿದ್ದವರನ್ನು ಹುಡುಕಿ ಪರೀಕ್ಷಿಸಿದರು. ಹುಟ್ಟುವಾಗ ಉದ್ದದಲ್ಲಿ ಗಿಡ್ಡವಾಗಿ, ಆ ಉದ್ದಕ್ಕೆ ಹೋಲಿಸಿದರೆ ದಪ್ಪವಾಗಿದ್ದ ಕೂಸುಗಳಲ್ಲಿ, ಹಾಗೆಯೇ ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ ನಡುವಯಸ್ಸಿನ ಸಕ್ಕರೆ ಕಾಯಿಲೆ ಹೆಚ್ಚಾಗಿತ್ತು. 1997-98ರಲ್ಲಿ ಅದೇ ಆಸ್ಪತ್ರೆಯಲ್ಲಿ ಗರ್ಭಿಣಿಯರನ್ನು ಪರೀಕ್ಷಿಸಿ, ಅವರ ಮಕ್ಕಳನ್ನು ಬೆಳೆಯುತ್ತ ಹೋದಂತೆ ಅಳೆಯುವ ಇನ್ನೊಂದು ಅಧ್ಯಯನ ಆರಂಭವಾಯಿತು. ಗರ್ಭಾವಸ್ಥೆಯಲ್ಲಿ ಸಕ್ಕರೆ ಏರಿದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದನೆಯ ವಯಸ್ಸಿಗೇ ಕೊಬ್ಬೂ ಇನ್ಸುಲಿನ್ನೂ ಹೆಚ್ಚಾಗಿದ್ದವು. ಹೆರಿಗೆಯಾದ ಮೇಲೆ ಸಕ್ಕರೆ ಇಳಿಯಿತೆಂದು ಮರೆತುಬಿಡುವ ಮನೆಗಳು ಇದನ್ನು ಗಮನಿಸಬೇಕು. ಆ ತಾಯಿ ಪ್ರತಿ ವರ್ಷವಲ್ಲದಿದ್ದರೂ ಮೂರು ವರ್ಷಕ್ಕೊಮ್ಮೆಯಾದರೂ ಪರೀಕ್ಷೆ ಮಾಡಿಸಿಕೊಳ್ಳಲೇಬೇಕು.

ಹಸಿವಿಗೂ ಇದರಲ್ಲಿ ಪಾಲಿದೆ. ಎರಡನೆಯ ಮಹಾಯುದ್ಧದ ಕೊನೆಯ ಚಳಿಗಾಲದಲ್ಲಿ, 1944-45ರಲ್ಲಿ, ಹಾಲೆಂಡಿನ ಪಶ್ಚಿಮ ಭಾಗಕ್ಕೆ ಆಹಾರ ಬರುವುದು ನಿಂತು ಜನ ಹಸಿವಿನಿಂದ ಬಳಲಿದರು. ಆಗ ಗರ್ಭದಲ್ಲಿದ್ದವರನ್ನು ಐವತ್ತರ ವಯಸ್ಸಿನಲ್ಲಿ ಪರೀಕ್ಷಿಸಿದಾಗ, ಅವರ ದೇಹ ಸಕ್ಕರೆಯನ್ನು ನಿಭಾಯಿಸುವ ಶಕ್ತಿ ಉಳಿದವರಿಗಿಂತ ಕುಂದಿತ್ತು. ತಾಯಿಯ ಹೊಟ್ಟೆಯಲ್ಲಿ ಬರ ಕಂಡ ದೇಹ, ಮುಂದೆಯೂ ಬರವೇ ಇರುವುದೆಂದು ಸಿದ್ಧವಾಗಿ ಹುಟ್ಟುತ್ತದೆ. ಇದನ್ನು ಓದಿದಾಗ ನಮ್ಮ ಕಡೆಯ ಹಿರಿಯರಿಗೆ 1972ರ ಬರ ನೆನಪಾಗದೆ ಇರದು. ಕಲ್ಲು ಒಡೆಯುವ ಕಾಮಗಾರಿಗೆ ಹೋಗಿ ದಿನ ನೂಕಿದ ಗರ್ಭಿಣಿಯರು ಆಗಲೂ ಇದ್ದರು. ಅವರ ಹೊಟ್ಟೆಯಲ್ಲಿದ್ದವರು ಈಗ ಐವತ್ತು ದಾಟಿದ್ದಾರೆ. ಅವರ ತಟ್ಟೆಯಲ್ಲಿ ಇಂದು ಬರವಿಲ್ಲ, ಅವರ ಕಾಲಿಗೆ ಆಗಿನ ನಡಿಗೆಯೂ ಇಲ್ಲ. ಬರಕ್ಕೆಂದು ತಯಾರಾದ ಸಣ್ಣ ಹಗೇವಿಗೆ ಸುಗ್ಗಿಯ ರಾಶಿ ದಿನವೂ ಬಂದು ಬೀಳುತ್ತಿದೆ. ಇದರಲ್ಲಿ ಯಾರ ತಪ್ಪೂ ಇಲ್ಲ. ಕರ್ಮದ ಫಲವೆಂದು ಕೈಕಟ್ಟಿ ಕೂಡುವ ಕಾರಣವೂ ಇಲ್ಲ.

ದೇಶದ ಚಿತ್ರವೂ ಗಂಭೀರವಾಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಎಲ್ಲ ರಾಜ್ಯಗಳಲ್ಲಿ ನಡೆಸಿ 2023ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಇನ್ನೂ 13 ಕೋಟಿಗೂ ಹೆಚ್ಚು ಜನ ‘ಬಾರ್ಡರ್’ನಲ್ಲಿದ್ದಾರೆ.

ತನ್ನಲ್ಲಿ ಈ ಪ್ರತಿರೋಧ ಇದೆಯೇ ಎಂದು ತಿಳಿಯಲು ಹಲಬರ್ಗಾದಲ್ಲಿ ರೈಲು ಹತ್ತಿ ಹೈದರಾಬಾದಿಗೆ ಹೋಗಬೇಕಾಗಿಲ್ಲ. ದರ್ಜಿಯ ಟೇಪು ಸಾಕು. ಕೆಳಗಿನ ಪಕ್ಕೆಲುಬು ಮತ್ತು ಸೊಂಟದ ಎಲುಬಿನ ಮೇಲಂಚು ಇವೆರಡರ ನಡುಭಾಗದಲ್ಲಿ, ಉಸಿರು ಸಹಜವಾಗಿ ಬಿಟ್ಟಾಗ, ಬಟ್ಟೆ ಸರಿಸಿ ಸುತ್ತಳತೆ ತೆಗೆಯಬೇಕು. ಧೋತರ ಕಟ್ಟುವ ಜಾಗ ಅದಲ್ಲ. ಅನೇಕ ಗಂಡಸರು ಧೋತರವನ್ನು ಹೊಟ್ಟೆಯ ಕೆಳಗೆ ಕಟ್ಟಿ, ನನ್ನ ನಡು ಮೂವತ್ತು ವರ್ಷದಿಂದ ಅಷ್ಟೇ ಇದೆ ಎನ್ನುತ್ತಾರೆ. ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ದಾಟಿದರೆ, ತೂಕ ಎಷ್ಟೇ ಇರಲಿ, ಎಚ್ಚರಗೊಳ್ಳಬೇಕು. ಕುತ್ತಿಗೆಯ ಹಿಂದೆ, ಕಂಕುಳಲ್ಲಿ ಚರ್ಮ ಕಪ್ಪಾಗಿ ಮಖಮಲ್ಲಿನಂತೆ ದಪ್ಪವಾಗುವುದು ಇನ್ನೊಂದು ಗುರುತು. ಹದಿಹರೆಯದ ಮಕ್ಕಳಲ್ಲಿ ಇದನ್ನು ಕೊಳೆಯೆಂದು ತಿಳಿದು ತಾಯಂದಿರು ಕಲ್ಲಿನಿಂದ ಉಜ್ಜುವುದುಂಟು. ಉಜ್ಜಿದರೆ ಅದು ಹೋಗದು, ಒಳಗಿನ ಇನ್ಸುಲಿನ್ ಇಳಿದರೆ ತಾನಾಗಿ ತಿಳಿಯಾಗುತ್ತದೆ. ಬೇರೆ ಯಾವುದೋ ಕಾರಣಕ್ಕೆ ಮಾಡಿಸಿದ ಹೊಟ್ಟೆಯ ಸ್ಕ್ಯಾನಿಂಗ್‌ನಲ್ಲಿ ‘ಫ್ಯಾಟಿ ಲಿವರ್’ ಎಂದು ಬರೆದು ಬಂದರೆ ಅದನ್ನು ಮಡಿಸಿ ಇಡಬಾರದು. ಮುಟ್ಟಿನ ಏರುಪೇರು, ಮುಖದ ಮೇಲೆ ಕೂದಲು ಕಾಣುವ ಯುವತಿಯರಲ್ಲಿಯೂ ಹಲವು ಸಲ ಇದೇ ಮೂಲ ಇರುತ್ತದೆ.

ರಕ್ತದಲ್ಲಿ ನೋಡಬೇಕಾದವು ನಾಲ್ಕು: ಬರಿ ಹೊಟ್ಟೆಯ ಸಕ್ಕರೆ 100ರಿಂದ 125, ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 5.7ರಿಂದ 6.4 ಇದ್ದರೆ ಬಾರ್ಡರ್. ಟ್ರೈಗ್ಲಿಸರೈಡ್ 150 ದಾಟಬಾರದು. ಒಳ್ಳೆಯ ಕೊಲೆಸ್ಟರಾಲ್ ಗಂಡಸರಲ್ಲಿ 40ಕ್ಕಿಂತ, ಹೆಂಗಸರಲ್ಲಿ 50ಕ್ಕಿಂತ ಕೆಳಗಿಳಿಯಬಾರದು. ಇವುಗಳೊಡನೆ ರಕ್ತದೊತ್ತಡವನ್ನೂ ಅಳೆಸಬೇಕು. ಇನ್ಸುಲಿನ್ನನ್ನೇ ಅಳೆಯುತ್ತೇವೆಂದು ದುಬಾರಿ ಪರೀಕ್ಷೆ ಮಾರುವ ಪ್ರಯೋಗಾಲಯಗಳು ಈಚೆಗೆ ಹೆಚ್ಚಾಗಿವೆ. ಸಾಮಾನ್ಯ ಜನರಿಗೆ ಅದರ ಅಗತ್ಯ ಕಾಣುವುದಿಲ್ಲ. ಮೂವತ್ತು ದಾಟಿದ ಎಲ್ಲರಿಗೂ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಸಕ್ಕರೆ, ರಕ್ತದೊತ್ತಡದ ತಪಾಸಣೆ ಉಚಿತವಾಗಿದೆ. ಆಶಾ ಕಾರ್ಯಕರ್ತೆ ಮನೆಗೆ ಬಂದು ನಡುವಿನ ಸುತ್ತಳತೆ ಕೇಳಿದರೆ ಸಂಕೋಚಪಡಬಾರದು. ಆಕೆ ಕೇಳುತ್ತಿರುವುದು ಇದೇ ಕಾರಣಕ್ಕೆ.

ಇನ್ನು ಉಪಾಯದ ಮಾತು. ಚೆನ್ನೈನ ಡಾ. ಎ. ರಾಮಚಂದ್ರನ್ ನೇತೃತ್ವದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬಾರ್ಡರ್‌ನಲ್ಲಿದ್ದ ಐದುನೂರಕ್ಕೂ ಹೆಚ್ಚು ಜನರನ್ನು ಮೂರು ವರ್ಷ ಗಮನಿಸಲಾಯಿತು. ಸಾಮಾನ್ಯ ಸಲಹೆಯಷ್ಟೇ ಪಡೆದವರಲ್ಲಿ ನೂರಕ್ಕೆ 55 ಜನ ಸಕ್ಕರೆ ಕಾಯಿಲೆಗೆ ದಾಟಿದರು. ದಿನವೂ ಅರ್ಧ ಗಂಟೆ ಬಿರುಸಾಗಿ ನಡೆದು ಆಹಾರ ತಿದ್ದಿಕೊಂಡವರಲ್ಲಿ ನೂರಕ್ಕೆ 39 ಜನ. ವಿಶೇಷವೆಂದರೆ ಹೀಗೆ ಬಚಾವಾದವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. ತೆಳ್ಳಗಿರುವವರಿಗೂ ಈ ದಾರಿ ಫಲ ಕೊಡುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಡ.

ನಡಿಗೆ ಏಕೆ ಕೆಲಸ ಮಾಡುತ್ತದೆ? ದುಡಿಯುತ್ತಿರುವ ಸ್ನಾಯು ಇನ್ಸುಲಿನ್ನಿನ ಡಂಗುರಕ್ಕೆ ಕಾಯದೆ ತಾನೇ ಬಾಗಿಲು ತೆರೆದು ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಕೆಲಸ ನಿಂತ ಮೇಲೂ ಒಂದೆರಡು ದಿನ ಅದರ ಕಿವಿ ಚುರುಕಾಗಿಯೇ ಇರುತ್ತದೆ. ಆದ್ದರಿಂದ ಭಾನುವಾರ ಒಂದೇ ದಿನ ಹತ್ತು ಕಿಲೋಮೀಟರ್ ನಡೆಯುವುದಕ್ಕಿಂತ, ಊಟವಾದ ಕೂಡಲೇ ಪ್ರತಿದಿನ ಹದಿನೈದು ನಿಮಿಷ ನಡೆಯುವುದು ಹೆಚ್ಚು ಉಪಯುಕ್ತ. ಹೊಲದ ಕೆಲಸವಿದೆಯಲ್ಲ ಎನ್ನುವವರು ಒಮ್ಮೆ ಪ್ರಾಮಾಣಿಕವಾಗಿ ಲೆಕ್ಕ ಹಾಕಬೇಕು. ಹೊಲಕ್ಕೆ ಹೋಗುವುದು ಮೋಟಾರ್ ಸೈಕಲ್ಲಿನಲ್ಲಿ, ಉಳುವುದು ಟ್ರ್ಯಾಕ್ಟರ್, ಸೋಯಾ ರಾಶಿ ಮಾಡುವುದು ಯಂತ್ರ. ಬೀಸುವ ಕಲ್ಲು, ನೀರಿನ ಕೊಡ ಹೋದದ್ದು ನಮ್ಮ ತಾಯಂದಿರ ಬೆನ್ನಿಗೆ ಒಳ್ಳೆಯದೇ ಆಯಿತು, ಅದಕ್ಕಾಗಿ ಯಾರೂ ಮರುಗಬೇಕಿಲ್ಲ. ಆ ದುಡಿಮೆ ಹೋದ ಜಾಗದಲ್ಲಿ ಬೇರೊಂದು ಬರಲಿಲ್ಲವೆಂಬುದಷ್ಟೇ ತೊಂದರೆ. ನಡಿಗೆಯ ಜೊತೆಗೆ ವಾರದಲ್ಲಿ ಎರಡು ದಿನವಾದರೂ ಸ್ನಾಯುವಿಗೆ ಭಾರ ಬೀಳುವ ಕೆಲಸ ಬೇಕು: ಬೈಠಕ್ ಹಾಕುವುದು, ಗುದ್ದಲಿ ಹಿಡಿಯುವುದು, ನೀರು ತುಂಬಿದ ಕೊಡ ಎತ್ತಿ ಇಳಿಸುವುದು. ಸ್ನಾಯು ಬೆಳೆದಷ್ಟೂ ಸಕ್ಕರೆಗೆ ಜಾಗ ಬೆಳೆಯುತ್ತದೆ.

ಆಹಾರದ ಬಗ್ಗೆ ನಮ್ಮಲ್ಲಿ ಎರಡು ತಪ್ಪು ನಂಬಿಕೆಗಳಿವೆ. ಒಂದು, ಸಕ್ಕರೆ ಬಿಟ್ಟು ಬೆಲ್ಲ ತಿಂದರೆ ದೋಷವಿಲ್ಲವೆಂಬುದು. ಬೆಲ್ಲದಲ್ಲಿ ಇರುವುದೂ ಬಹುಪಾಲು ಸಕ್ಕರೆಯೇ. ಎರಡೂ ಒಂದೇ ಕಬ್ಬಿನ ಮಕ್ಕಳು. ಇನ್ನೊಂದು, ಜೋಳದ ರೊಟ್ಟಿ ಎಷ್ಟು ತಿಂದರೂ ಸರಿಯೆಂಬುದು. ಜೋಳದಲ್ಲಿ ನಾರು ಹೆಚ್ಚು, ಹೊಟ್ಟೆ ಬೇಗ ತುಂಬುತ್ತದೆ, ಪಾಲಿಶ್ ಮಾಡಿದ ಅಕ್ಕಿಗಿಂತ ಅದು ನಿಶ್ಚಯವಾಗಿ ಉತ್ತಮ. ಆದರೆ ಅದೂ ಪಿಷ್ಟವೇ. ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ ಆಹಾರ ಭಾಗ 2025ರಲ್ಲಿ ಪ್ರಕಟವಾಗಿದ್ದು, ಭಾರತೀಯರು ಸರಾಸರಿ ಶೇ. 62ರಷ್ಟು ಶಕ್ತಿಯನ್ನು ಪಿಷ್ಟ ಮತ್ತು ಸಕ್ಕರೆಯಿಂದಲೇ ಪಡೆಯುತ್ತಾರೆಂದು ಅದು ತಿಳಿಸುತ್ತದೆ. ಧಾನ್ಯ ಬದಲಿಸಿದರೆ ಸಾಲದು, ಅದರ ಪಾಲು ಕಡಿಮೆಯಾಗಿ ಬೇಳೆಕಾಳು, ಮೊಸರು, ಸೊಪ್ಪಿನ ಪಾಲು ಹೆಚ್ಚಬೇಕು ಎಂಬುದು ಅದರ ತಿರುಳು. 2013ರಿಂದ ಬಂದ ಅನ್ನಭಾಗ್ಯ ಬಡವರ ಮನೆಯ ಹಸಿವನ್ನು ನೀಗಿದ್ದು ದೊಡ್ಡ ಉಪಕಾರ. ಅದೇ ಅಕ್ಕಿ ಮೂರು ಹೊತ್ತಿನ ಊಟವಾಗಿ, ಮೇಲೆ ತೆಳ್ಳನೆಯ ಸಾರು ಮಾತ್ರ ಆದಾಗ ಈ ತೊಂದರೆ ಹುಟ್ಟುತ್ತದೆ.

ನಮ್ಮ ಜಿಲ್ಲೆಗೆ ಈ ತಿದ್ದುಪಡಿ ಕಷ್ಟವಲ್ಲ. ತೊಗರಿ, ಉದ್ದು, ಹೆಸರು, ಕಡಲೆ ನಮ್ಮ ಹೊಲದಲ್ಲೇ ಬೆಳೆಯುತ್ತವೆ. ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಕುಳಿತು ಉಣ್ಣುವ ಭಜ್ಜಿಯನ್ನು ನೆನೆಯೋಣ: ಹಸಿ ಕಾಳುಗಳು, ಸೊಪ್ಪುಗಳು, ಕಡಲೆಹಿಟ್ಟು, ಜೊತೆಗೆ ಸಜ್ಜೆಯ ರೊಟ್ಟಿ, ಮಜ್ಜಿಗೆ ಬೆರೆಸಿದ ಅಂಬಲಿ. ಇನ್ಸುಲಿನ್ ಪ್ರತಿರೋಧಕ್ಕೆ ಊಟ ಹೇಳಿರೆಂದರೆ ಯಾವ ಆಹಾರತಜ್ಞರೂ ಇದಕ್ಕಿಂತ ಉತ್ತಮವಾದುದನ್ನು ಬರೆದುಕೊಡಲಾರರು. ವರ್ಷಕ್ಕೊಮ್ಮೆ ಬರುವ ಆ ತಟ್ಟೆಯ ನೆರಳಾದರೂ ದಿನದ ತಟ್ಟೆಯ ಮೇಲೆ ಬೀಳಲಿ: ಎರಡು ರೊಟ್ಟಿ, ಒಂದು ಬಟ್ಟಲು ಕಾಳಿನ ಪಲ್ಯ ಅಥವಾ ಝುಣಕ, ಪುಂಡಿ ಇಲ್ಲವೆ ಮೆಂತ್ಯದ ಪಲ್ಯ, ಹಸಿ ಉಳ್ಳಾಗಡ್ಡಿ, ಮೊಸರು, ಅನ್ನ ಕೊನೆಗೆ ಒಂದು ಹಿಡಿ. ಪಲ್ಯ, ಕಾಳು ಮೊದಲು ತಿಂದು ರೊಟ್ಟಿ, ಅನ್ನ ಆಮೇಲೆ ತಿಂದರೆ ಸಕ್ಕರೆ ಏರುವ ವೇಗವೇ ತಗ್ಗುತ್ತದೆ.

ಚಹಾದ ಲೆಕ್ಕವನ್ನೂ ಹಾಕಿಬಿಡೋಣ. ಒಂದು ಕಪ್ಪಿಗೆ ಎರಡು ಚಮಚೆ, ಅಂದರೆ ಸುಮಾರು 10 ಗ್ರಾಂ ಸಕ್ಕರೆ. ಮನೆಯಲ್ಲಿ ಎರಡು, ಹೊರಗೆ ಮೂರು ಕುಡಿದರೆ ದಿನಕ್ಕೆ 50 ಗ್ರಾಂ, ತಿಂಗಳಿಗೆ ಒಂದೂವರೆ ಕಿಲೋ, ಒಬ್ಬರಿಗೆ. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನದ ಎಲ್ಲ ಸಿಹಿಯೂ ಸೇರಿ ಮೀರಬಾರದೆಂದು ಹೇಳುವ ಮಿತಿ ಸುಮಾರು ಅಷ್ಟೇ. ಅದರ ಅರ್ಧಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದೆನ್ನುತ್ತದೆ. ಹುಗ್ಗಿ, ಹೋಳಿಗೆಗಿಂತ ಹೆಚ್ಚು ಸಕ್ಕರೆಯನ್ನು ನಮ್ಮ ಜನ ಕುಡಿದೇ ಮುಗಿಸುತ್ತಾರೆ.

ಪ್ರಸಾದದ ಪ್ರಶ್ನೆಯನ್ನು ಸದ್ಭಕ್ತರು ಸಂಕೋಚದಿಂದ ಕೇಳುತ್ತಾರೆ. ಜಾತ್ರೆಯ ದಾಸೋಹದಲ್ಲಿ ಹುಗ್ಗಿ ಬೇಡವೆನ್ನಬಹುದೇ? ಪ್ರಸಾದವನ್ನು ಬೇಡವೆನ್ನುವುದು ಬೇಕಾಗಿಲ್ಲ; ಒಂದು ತುತ್ತೂ ಪ್ರಸಾದವೇ. ಬಡಿಸುವವರಲ್ಲಿ ಮಾತ್ರ ಒಂದು ವಿನಂತಿ. ಪಂಕ್ತಿಯಲ್ಲಿ ಕುಳಿತವರು ಸಾಕೆಂದು ಕೈ ಅಡ್ಡ ಹಿಡಿದರೆ ‘ಇನ್ನೊಂದು ಸೌಟು’ ಎಂದು ಒತ್ತಾಯಿಸಬಾರದು. ರೊಟ್ಟಿ, ಕಾಳಿನ ಪಲ್ಯ ಮೊದಲು ಬಡಿಸಿ ಹುಗ್ಗಿಯನ್ನು ಆಮೇಲೆ ಬಡಿಸುವ ಕ್ರಮವನ್ನು ದಾಸೋಹದ ಮನೆಗಳು ಪರಿಶೀಲಿಸಬಹುದು.

ಉಪವಾಸದ ವಿಷಯದಲ್ಲಿ ಎಚ್ಚರ ಹೆಚ್ಚು ಬೇಕು. ಶ್ರಾವಣ ಸೋಮವಾರದ ಉಪವಾಸದಲ್ಲಿ ಸಾಬುದಾಣಿ ಖಿಚಡಿ ತಿನ್ನುವುದು ನಮ್ಮ ಕಡೆ ರೂಢಿ. ಸಾಬುದಾಣಿ ಎಂದರೆ ಗೆಣಸಿನ ಜಾತಿಯ ಬೇರಿನಿಂದ ತೆಗೆದ ಶುದ್ಧ ಪಿಷ್ಟ. ಅನ್ನಕ್ಕಿಂತ ಅದು ಹಗುರವಲ್ಲ. ಉಪವಾಸವೆಂದರೆ ಹಣ್ಣು, ಮಜ್ಜಿಗೆ, ಒಂದು ಹಿಡಿ ಶೇಂಗಾ ಎಂದಿಟ್ಟುಕೊಂಡರೆ ದೇಹಕ್ಕೆ ನಿಜವಾಗಿ ವಿಶ್ರಾಂತಿ ಸಿಗುತ್ತದೆ. ಆದರೆ ಈಗಾಗಲೇ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಮಾತ್ರೆಗಳನ್ನು ಇಲ್ಲವೆ ಇನ್ಸುಲಿನ್ ಚುಚ್ಚುಮದ್ದನ್ನು ತೆಗೆದುಕೊಳ್ಳುತ್ತಿರುವವರು ವೈದ್ಯರನ್ನು ಕೇಳದೆ ಉಪವಾಸ ಮಾಡಲೇಬಾರದು. ಶಿವರಾತ್ರಿಯ ಜಾಗರಣೆಯಲ್ಲಿ ಬೆವರು ಕಿತ್ತು, ಕೈ ನಡುಗಿ, ಮಾತು ತೊದಲಿದರೆ ಅದು ಭಕ್ತಿಯ ಆವೇಶವಲ್ಲ, ಸಕ್ಕರೆ ಕೆಳಗಿಳಿದ ಲಕ್ಷಣ. ಎಚ್ಚರವಿದ್ದರೆ ಆ ಕ್ಷಣವೇ ಮೂರು ಚಮಚೆ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಸಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ತಂಬಾಕು ಮತ್ತು ನಿದ್ರೆಗೇಡು ಪ್ರತಿರೋಧವನ್ನು ಹೆಚ್ಚಿಸುತ್ತವೆ. ಗುಟ್ಕಾ ಬಿಟ್ಟು, ರಾತ್ರಿ ಮೊಬೈಲ್ ದೂರವಿಟ್ಟು ಏಳು ಗಂಟೆ ಮಲಗುವುದು ಔಷಧಿಯಷ್ಟೇ ಬೆಲೆಯುಳ್ಳದ್ದು.

ಔಷಧಿಯ ಮಾತೂ ಉಳಿದಿದೆ. ಬಾರ್ಡರ್‌ನಲ್ಲಿರುವ ಕೆಲವರಿಗೆ ವೈದ್ಯರು ಮೆಟ್‌ಫಾರ್ಮಿನ್ ಬರೆದುಕೊಡುವುದುಂಟು. ಅದು ಹಳೆಯದು, ಅಗ್ಗದ್ದು, ಮುಖ್ಯವಾಗಿ ಯಕೃತ್ತಿನ ಕಿವುಡನ್ನು ತಗ್ಗಿಸುವಂಥದ್ದು, ಹೆದರಬೇಕಾಗಿಲ್ಲ. ನಡಿಗೆ ಆರಂಭಿಸಿದ ಉತ್ಸಾಹದಲ್ಲಿ, ಅಥವಾ ಯಾರೋ ಕೊಟ್ಟ ಬೇರು, ಪುಡಿಯನ್ನು ನಂಬಿ, ಮೊದಲಿನ ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸುವುದು ಮಾತ್ರ ಬೇಡ. ಮೂರು ತಿಂಗಳು ಹೀಗೆ ನಡೆದುಕೊಂಡು, ಮತ್ತೆ ಅದೇ ಟೇಪಿನಿಂದ ನಡುವನ್ನು ಅಳೆದು, ಎಚ್‌ಬಿಎ1ಸಿ ಮಾಡಿಸಿ, ಎರಡೂ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಭಾಲ್ಕಿಯ ತಾಲ್ಲೂಕು ಆಸ್ಪತ್ರೆಯಲ್ಲಾಗಲಿ, ಬೀದರಿನ ಬ್ರಿಮ್ಸ್‌ನಲ್ಲಾಗಲಿ ತಮ್ಮ ವೈದ್ಯರಿಗೆ ತೋರಿಸಬೇಕು. ಯಾವ ಮಾತ್ರೆ ಉಳಿಯಬೇಕು, ಯಾವುದು ಇಳಿಯಬೇಕೆಂದು ಅವರು ಆ ಚೀಟಿ ನೋಡಿ ಹೇಳುತ್ತಾರೆ.